ಹನ್ನೊಂದನೇ ದಿನಕ್ಕೆ ಸೂತಕ ಕಳೆದ ಮೀನುಗಳು

ಜಗಳೂರಿನಲ್ಲಿ ನೀರಿಗಿಂತ ನೀರಿನ ಕಥೆಗಳೇ ಹೆಚ್ಚು. ಆ ಕಥೆಗಳಲ್ಲೆಲ್ಲ ದೊಡ್ಡದು ನೀರುಗಂಟಿ ಉಚ್ಚಂಗೆಪ್ಪನ ನಾಲಗೆಯದು. ವಾಲ್ವು ತಿರುಗಿಸಿ ಓಣಿ ಓಣಿಗೆ ನೀರು ಬಿಡುವುದು ಅವನ ಕೆಲಸ. ಬಿಟ್ಟ ಮೇಲೆ ಯಾವುದಾದರೊಂದು ನಲ್ಲಿಯ ಕೆಳಗೆ ಬೊಗಸೆಯೊಡ್ಡಿ ಒಂದು ಹನಿಯನ್ನು ನಾಲಗೆಗೆ ತಾಗಿಸಿಕೊಳ್ಳುವುದು ಅವನ ಚಟ. ತಾಗಿಸಿ, ಕಣ್ಣು ಮುಚ್ಚಿ, ಋಷಿಯಂತೆ ಅರೆಗಳಿಗೆ ನಿಂತು, "ಇದು ಶಾಲೆ ಹಿಂದಿನ ಬೋರಿಂದು, ನಿನ್ನೆ ಎತ್ತಿದ್ದು" ಎನ್ನುತ್ತಾನೆ. ಸಮುದ್ರವನ್ನೇ ಕುಡಿದ ಅಗಸ್ತ್ಯರಿಗೂ ಅದು ಪೂರ್ವದ್ದೋ ಪಶ್ಚಿಮದ್ದೋ ಎಂದು ಹೇಳುವ ಶಕ್ತಿ ಇತ್ತೆಂದು ಯಾರೂ ಬರೆದಿಲ್ಲ. ಒಮ್ಮೆ ಇವನ ಕಣ್ಣಿಗೆ ಟವೆಲ್ ಕಟ್ಟಿ ಏಳು ಲೋಟ ನೀರು ಕೊಟ್ಟರಂತೆ. ಏಳನ್ನೂ ಸರಿಯಾಗಿ ಹೇಳಿದನಂತೆ. ಕೊನೆಗೆ ಸನ್ಮಾನಕ್ಕೆಂದು ಕೊಟ್ಟ ಚಹಾ ಕುಡಿದು, "ಬಸ್ ಸ್ಟ್ಯಾಂಡ್ ಪಕ್ಕದ ಸಿಂಟೆಕ್ಸ್ ಟ್ಯಾಂಕಿಂದು. ತೊಳೆದು ವರ್ಷ ಆಗೈತೆ" ಎಂದನಂತೆ. ಹೋಟೆಲಿನವನು ಆರು ತಿಂಗಳು ಮಾತು ಬಿಟ್ಟ. ನಾವು ಈ ಕಥೆ ಮೊದಲು ಕೇಳಿದಾಗ ಲೋಟಗಳು ನಾಲ್ಕಿದ್ದವು; ಈಗ ಏಳಾಗಿವೆ. ಕಥೆಗೂ ಬೆಳೆಯುವ ಹಕ್ಕಿದೆ.

ಊರಿಗೆಲ್ಲ ನೀರು ಹರಿಸಿದ ಈ ಭಗೀರಥನ ಮನೆಯಲ್ಲಿ ಮಾತು ಮಾತ್ರ ಹರಿಯುತ್ತಿರಲಿಲ್ಲ. ಹೆಂಡತಿ ಉಷಾರಾಣಿ ಸಾಸ್ವೆಹಳ್ಳಿಯವಳು, ತುಂಗಭದ್ರೆಯ ದಂಡೆಯಲ್ಲಿ ಬೆಳೆದವಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದರು. ಮಕ್ಕಳಾಗಲಿಲ್ಲ. ಮನಸ್ತಾಪವೂ ಆಗಲಿಲ್ಲ, ಅದಕ್ಕೂ ನಾಲ್ಕು ಮಾತು ಬೇಕಲ್ಲ. ಹೋದ ವರ್ಷ ಅವಳು ಅಣ್ಣನ ಮಗಳ ಮದುವೆಗೆಂದು ತವರಿಗೆ ಹೋದವಳು ವಾಪಸ್ಸು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ.

ಅವಳು ಬಿಟ್ಟುಹೋದದ್ದು ಒಂದು ಗಾಜಿನ ತೊಟ್ಟಿ ಮತ್ತು ಅದರಲ್ಲಿ ಎರಡು ಗೋಲ್ಡ್ ಫಿಶ್. ಆರು ವರ್ಷದ ಹಿಂದೆ ಹೊನ್ನಾಳಿಯಲ್ಲಿ ಕೊಂಡು, ಪ್ಲಾಸ್ಟಿಕ್ ಚೀಲವನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು, ಎರಡು ಬಸ್ಸು ಬದಲಾಯಿಸಿ ತಂದಿದ್ದಳು. ತುಂಗಾ, ಭದ್ರಾ ಎಂದು ಹೆಸರಿಟ್ಟಿದ್ದಳು. ಈಗ ಪ್ರತಿ ಸಂಜೆ ಏಳು ಗಂಟೆಗೆ ಸಾಸ್ವೆಹಳ್ಳಿಯಿಂದ ಫೋನು ಬರುತ್ತಿತ್ತು.

"ಮೀನು ಹೆಂಗೈದಾವ್ರೀ?"

"ಚೆನ್ನಾಗೈದಾವೆ."

"ಹೂಂ."

ಇಷ್ಟೇ. ಮಂಗಳಸೂತ್ರ, ಸಪ್ತಪದಿ, ಗುರುಹಿರಿಯರ ಆಶೀರ್ವಾದ ಎಲ್ಲ ಕಳಚಿಕೊಂಡು, ಆ ದಾಂಪತ್ಯ ಈಗ ಬೆರಳುದ್ದದ ಎರಡು ಮೀನುಗಳ ಬೆನ್ನ ಮೇಲೆ ಕೂತಿತ್ತು. ಯುಗಾದಿ ಮುಗಿದ ಮರುವಾರ ಭದ್ರಾ ಸತ್ತಿತು.

"ಒಂಟಿ ಮೀನು ಬಾಳಲ್ಲ ಕಣ್ರೀ" ಎಂದಳು ಫೋನಿನಲ್ಲಿ ಸುದ್ದಿ ಕೇಳಿದ ಉಷಾರಾಣಿ. ಅವಳ ಮಾತು ಫಲಿಸಿತೋ ಏನೋ, ತುಂಗಾ ತೊಟ್ಟಿಯ ಮೂಲೆ ಹಿಡಿಯಿತು. ಊಟ ಬಿಟ್ಟಿತು. ಉಚ್ಚಂಗೆಪ್ಪ ಮೊಬೈಲ್ ರಿಪೇರಿ ಅಂಗಡಿಯ ರೇಣುಕಪ್ರಸಾದನ ಮುಂದೆ ಹೋಗಿ ನಿಂತ.

"ಪ್ರಸಾದ, ಇದೂ ಹೋದ್ರೆ ಏಳು ಗಂಟೆಗೆ ಫೋನು ಬರಾಕೆ ಕಾರಣ ಏನೈತೋ?"

"ನಿಮ್ಮನ್ನ ಕೇಳಾಕೆ ಮಾಡ್ತಾರಪ್ಪ."

"ನನ್ನ ಯಾವತ್ತೂ ಕೇಳಿಲ್ಲ."

ರೇಣುಕಪ್ರಸಾದ ರಿಪೇರಿಗೆ ಬಿಚ್ಚಿದ್ದ ಫೋನನ್ನು ಪಕ್ಕಕ್ಕಿಟ್ಟು ತನ್ನ ಮೊಬೈಲ್ ತೆಗೆದ. ಆನ್‌ಲೈನಿನಲ್ಲಿ ನಾಲ್ಕು ಮರಿ ಗೋಲ್ಡ್ ಫಿಶ್ ತರಿಸಲು ಆರ್ಡರ್ ಹಾಕಿದ.

ಮರಿಗಳು ಚೆನ್ನೈಯಿಂದ ದಾವಣಗೆರೆಯವರೆಗೆ ಕೊರಿಯರಿನಲ್ಲಿ ರಾಜಮರ್ಯಾದೆಯಿಂದ ಬಂದವು. ಅಲ್ಲಿಂದ ಜಗಳೂರಿಗೆ ಬಸ್ಸು. ಥರ್ಮಕೋಲ್ ಪೆಟ್ಟಿಗೆಯನ್ನು ಕಂಡಕ್ಟರು ಡ್ರೈವರನ ಪಕ್ಕ, ಕುದಿಯುವ ಎಂಜಿನ್ನಿನ ಮೇಲೆ ಇಟ್ಟಿದ್ದ.

"ಮೀನು ಕಣ್ರೀ ಅದರಾಗಿರೋದು!" ಎಂದು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಉಚ್ಚಂಗೆಪ್ಪ ಕೂಗಿದ.

"ಮೊದ್ಲೇ ಹೇಳಬಾರ್ದಾ? ಒಂಚೂರು ಖಾರ ಹಚ್ಚಿ ಇಡ್ತಿದ್ದೆ" ಎಂದ ಕಂಡಕ್ಟರು.

ಒಂದು ಮರಿ ದಾರಿಯಲ್ಲೇ ಸತ್ತಿತ್ತು. ಉಳಿದ ಮೂರಕ್ಕೆ ಪಟ್ಟಾಭಿಷೇಕದಂಥ ಏರ್ಪಾಡು ನಡೆಯಿತು. ಅಡುಗೆಮನೆಯಲ್ಲಿ ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮು. ಅದರಲ್ಲಿ ಬ್ಲೀಚಿಂಗ್ ವಾಸನೆ ಹೋಗಲೆಂದು ಎರಡು ದಿನ ಬಿಸಿಲು ಕಾಯಿಸಿದ ನೀರು. ಗುಳುಗುಳು ಗಾಳಿ ಬಿಡುವ ಪುಟ್ಟ ಯಂತ್ರ. ಪೆಟ್ಟಿಗೆಯಲ್ಲಿ ಬಂದ ಚೀಟಿಯನ್ನು ರೇಣುಕಪ್ರಸಾದ ಪುರೋಹಿತನಂತೆ ಓದಿ ಕನ್ನಡದಲ್ಲಿ ಅರ್ಥ ಹೇಳುತ್ತ ಹೋದ. ಚೀಲವನ್ನು ಬಿಚ್ಚದೆ ಅರ್ಧ ಗಂಟೆ ಡ್ರಮ್ಮಿನ ನೀರಲ್ಲಿ ತೇಲಿಸಬೇಕು. ಆಮೇಲೆ ಬಾಯಿ ಬಿಚ್ಚಿ ಹತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಚೀಲಕ್ಕೆ ಬೆರೆಸಬೇಕು. ಮೀನನ್ನು ಜಾಲರಿಯಿಂದ ಎತ್ತಿ ಬಿಡಬೇಕು, ಚೀಲದ ನೀರು ಬೀಳಬಾರದು. ಮೊದಲ ದಿನ ಊಟವಿಲ್ಲ. ಎಲ್ಲಕ್ಕಿಂತ ಮುಖ್ಯ, ಇಪ್ಪತ್ತೊಂದು ದಿನ ಹಳೇ ಮೀನಿನ ಜೊತೆ ಸೇರಿಸಬಾರದು. ಮೈಯಲ್ಲಿ ಕಾಯಿಲೆ ಅಡಗಿದ್ದರೆ ಅಷ್ಟರಲ್ಲಿ ಹೊರಗೆ ಬೀಳುತ್ತದೆ.

"ಕೊರೊನಾದಾಗ ನಮ್ಮನ್ನ ಹಾಸ್ಟೆಲಿನಾಗೆ ಇಟ್ಟಿದ್ರಲ್ಲ, ಹಂಗೆ" ಎಂದ ರೇಣುಕಪ್ರಸಾದ.

ಉಚ್ಚಂಗೆಪ್ಪ ತಪಸ್ಸಿಗೆ ಕೂತ. ಡ್ರಮ್ಮಿಗೆ ಬೇರೆ ಮಗ್ಗು, ಬೇರೆ ಜಾಲರಿ. ಡ್ರಮ್ಮು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ತುಂಗಾ ಇದ್ದ ತೊಟ್ಟಿಯ ಹತ್ತಿರ ಸುಳಿಯುತ್ತಿರಲಿಲ್ಲ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆದ.

ಸಂಜೆಯ ಫೋನು ಉದ್ದವಾಗತೊಡಗಿತು. ಮೊದಲ ದಿನ "ಎಷ್ಟು ಬಂದ್ವು?" ಎಂದು ಕೇಳಿದಳು. ನಾಲ್ಕನೇ ದಿನ "ಯಾವ ಬಣ್ಣ? ಬಾಲ ಹೆಂಗೈತೆ?" ಎಂದಳು. ಏಳನೇ ದಿನ ಕಂಡಕ್ಟರನ ಖಾರದ ಮಾತು ಹೇಳಿದಾಗ ನಕ್ಕೇಬಿಟ್ಟಳು. ಉಚ್ಚಂಗೆಪ್ಪ ಮರುದಿನ ಬೆಳಿಗ್ಗೆ ಅಂಗಡಿಗೆ ಬಂದು ರೇಣುಕಪ್ರಸಾದನಿಗೆ ಫೋನು ತೋರಿಸಿದ. ಹನ್ನೊಂದು ನಿಮಿಷ! ಇಪ್ಪತ್ತೆರಡು ವರ್ಷದಲ್ಲಿ ಒಂದೇ ಸಲಕ್ಕೆ ಹನ್ನೊಂದು ನಿಮಿಷ ಅವರು ಮಾತಾಡಿದ್ದಕ್ಕೆ ಬೇರೆ ದಾಖಲೆ ಇಲ್ಲ. ಒಂಬತ್ತನೇ ದಿನ ಅವಳೆಂದಳು: "ಎಲ್ಲಾನೂ ಒಟ್ಟಿಗೆ ಬಿಟ್ಟ ಮೇಲೆ ಹೇಳ್ರಿ. ನೋಡಾಕೆ ಬರ್ತೀನಿ."

ಅಂದಿನಿಂದ ಕ್ಯಾಲೆಂಡರಿನಲ್ಲಿ ಉಳಿದ ಹನ್ನೆರಡು ದಿನ ಅವನಿಗೆ ಹನ್ನೆರಡು ವರ್ಷದ ವನವಾಸವಾಯಿತು. ಇತ್ತ ತುಂಗಾ ಮೂಲೆ ಬಿಟ್ಟು ಕದಲಲಿಲ್ಲ. ಇಂಥ ಹೊತ್ತಿನಲ್ಲಿ ಪ್ರವೇಶವಾದದ್ದು ಅವನ ಅಕ್ಕ ದುರುಗಕ್ಕನದು. ಹಿಂದಿನ ಓಣಿಯಲ್ಲೇ ಅವಳ ಮನೆ. ಡ್ರಮ್ಮನ್ನೂ ಕ್ಯಾಲೆಂಡರನ್ನೂ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಲೇ ತಮ್ಮಾ, ಯಾರು ಹೇಳಿದ್ರು ನಿನಗೆ ಇಪ್ಪತ್ತೊಂದು ದಿನ ಅಂತ?"

"ಚೀಟಿಯಾಗೆ ಬರೆದೈತೆ ಅಕ್ಕಾ."

"ಸತ್ತೋರ ಮನೆ ಸೂತಕ ಹನ್ನೊಂದು ದಿನಕ್ಕೆ ಕಳೀತೈತೆ. ಹೆತ್ತೋರ ಮನೇದೂ ಹನ್ನೊಂದೇ. ಈ ಮೀನೇನು ಇಂದ್ರಲೋಕದಿಂದ ಇಳಿದು ಬಂದಾವೇನು, ಇಪ್ಪತ್ತೊಂದು ದಿನ ಮೂಲೇಲಿ ಕೂರಾಕೆ?"

ರೇಣುಕಪ್ರಸಾದ ಅಲ್ಲೇ ಇದ್ದ. "ದುರುಗಕ್ಕ, ಇದು ಸೂತಕ ಅಲ್ಲ. ಕ್ವಾರಂಟೈನು" ಎಂದ.

"ಮುಟ್ಟಂಗಿಲ್ಲ ತಾನೇ?"

"ಮುಟ್ಟಂಗಿಲ್ಲ."

"ಬೇರೆ ಚೆಂಬು ತಾನೇ?"

"ಮಗ್ಗು."

"ಮುಟ್ಟಿದ್ರೆ ಕೈ ತೊಳೀಬೇಕು ತಾನೇ? ಮತ್ತೆ ಸೂತಕ ಅಂದ್ರೆ ಇನ್ನೇನೋ, ದಡ್ಡ ನನ್ನ ಮಗನೆ?"

ಈ ತರ್ಕದ ಮುಂದೆ ಯಾವ ಶಾಸ್ತ್ರವೂ ನಿಲ್ಲುವುದಿಲ್ಲ, ರೇಣುಕಪ್ರಸಾದ ಎಷ್ಟರವನು? ಉಚ್ಚಂಗೆಪ್ಪ ಮಾತ್ರ ಮರಿಗಳನ್ನು ಬಗ್ಗಿ ನೋಡಿದ. ಚುರುಕಾಗಿದ್ದವು, ಮೈ ಫಳಫಳ ಹೊಳೆಯುತ್ತಿತ್ತು. ಕಾಯಿಲೆ ಇದ್ದಿದ್ದರೆ ಇಷ್ಟು ದಿನಕ್ಕೆ ಕಾಣುತ್ತಿರಲಿಲ್ಲವೇ? ಅವನಿಗೆ ಬೇಕಿದ್ದದ್ದು ಅಪ್ಪಣೆ. ಅದು ಸಿಕ್ಕಿತು.

ಹನ್ನೊಂದನೇ ದಿನ ಮಂಗಳವಾರ. ದುರುಗಕ್ಕ ಬಂದು ಅಡುಗೆಮನೆಗೆ ಗಂಜಲ ಚಿಮುಕಿಸಿ, ಸಾಂಬ್ರಾಣಿ ಹಾಕಿ, ಡ್ರಮ್ಮಿಗೆ ಅರಿಶಿನ ಕುಂಕುಮವಿಟ್ಟು, ಮೂರೂ ಮರಿಗಳಿಗೆ ಮೆಣಸಿನಕಾಯಿ ನಿವಾಳಿಸಿದಳು. ದೃಷ್ಟಿ ತೆಗೆದ ಘಾಟಿಗೆ ರೇಣುಕಪ್ರಸಾದ ಕೆಮ್ಮುತ್ತ ಹೊರಗೋಡಿದ. ಉಚ್ಚಂಗೆಪ್ಪ ಜಾಲರಿಯಿಂದ ಒಂದೊಂದೇ ಮರಿಯನ್ನು ಎತ್ತಿ ಗಾಜಿನ ತೊಟ್ಟಿಗೆ ಬಿಟ್ಟ.

ತುಂಗಾ ಮೂಲೆ ಬಿಟ್ಟು ಬಂದಿತು. ಮರಿಗಳ ಸುತ್ತ ಒಂದು ಸುತ್ತು ಹಾಕಿತು. ಉದುರಿಸಿದ ಕಾಳನ್ನು ತಿಂದಿತು. ಅಂದು ಉಚ್ಚಂಗೆಪ್ಪ ಏಳು ಗಂಟೆಯವರೆಗೆ ಕಾಯಲಿಲ್ಲ, ಮೊದಲ ಸಲ ತಾನೇ ಫೋನು ಮಾಡಿದ.

"ಬಿಟ್ಟೆ ಕಣೆ. ಉಂಡ್ತು."

"ಸೋಮವಾರ ಬೆಳಗ್ಗಿನ ಬಸ್ಸಿಗೆ ಬರ್ತೀನಿ" ಎಂದಳು ಉಷಾರಾಣಿ.

ಬುಧವಾರ ಜೇಡರಬಲೆ ತೆಗೆದ. ಗುರುವಾರ ದಿಂಬಿಗೆ ಹೊಸ ಕವರು ತಂದ. ಶುಕ್ರವಾರ ಬೆಳಿಗ್ಗೆ ಒಂದು ಮರಿಯ ಬಾಲದ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಕಂಡಿತು. ಮಧ್ಯಾಹ್ನಕ್ಕೆ ಮೂರಕ್ಕೂ ಬಂದವು. ಸಂಜೆಗೆ ತುಂಗಾದ ರೆಕ್ಕೆಯ ಮೇಲೂ ಬಂದವು. ಉಚ್ಚಂಗೆಪ್ಪ ತೊಟ್ಟಿಗೆ ಬೆರಳದ್ದಿ ನಾಲಗೆಗೆ ಇಟ್ಟುಕೊಂಡ. "ನೀರಿಂದೇನೂ ತಪ್ಪಿಲ್ಲ" ಎಂದ. ಅವನ ನಾಲಗೆ ಹೇಳಿದ್ದು ಆಗಲೂ ನಿಜವೇ. ಅದರಿಂದ ಉಪಯೋಗವಿರಲಿಲ್ಲ ಅಷ್ಟೆ. ಫೋನಿನಲ್ಲಿ ಎಂದಿನಂತೆ "ಚೆನ್ನಾಗೈದಾವೆ" ಎಂದ.

ದುರುಗಕ್ಕ ಗಾಜಿಗೆ ಮೂಗು ತಾಗಿಸಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದಳು. "ಅಮ್ಮ ಬಂದವಳೆ ಕಣೋ ಇವುಗಳ ಮೈಮೇಲೆ!"

ಅಮ್ಮ ಬಂದ ಮನೆಯಲ್ಲಿ ಏನು ಮಾಡಬೇಕೆಂದು ಜಗಳೂರಿಗೆ ಯಾರೂ ಕಲಿಸಬೇಕಾಗಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಬಂತು. ತೊಟ್ಟಿಯೊಳಗೂ ಬೇವಿನ ಸೊಪ್ಪು ಬಿತ್ತು. ಒಗ್ಗರಣೆ ನಿಂತಿತು. ಐವತ್ತೆರಡು ವರ್ಷದ ನೀರುಗಂಟಿ ಎರಡು ದಿನ ಬರೀ ಮೊಸರನ್ನ ತಿಂದ, ಮೀನುಗಳ ಮೈ ತಂಪಾಗಲೆಂದು. ರೇಣುಕಪ್ರಸಾದ ಮೀನು ಮಾರಿದವರಿಗೆ ಫೋನು ಮಾಡಿದಾಗ ಅವರು ಕೇಳಿದ್ದು ಒಂದೇ: ಎಷ್ಟು ದಿನ ಬೇರೆ ಇಟ್ಟಿದ್ದಿರಿ? ಶನಿವಾರ ಅವನು ದಾವಣಗೆರೆಗೆ ಹೋಗಿ ನೀಲಿ ಔಷಧಿಯ ಬಾಟಲಿ ತಂದ. ನೀಲಿ ಔಷಧಿ, ಕಲ್ಲುಪ್ಪು, ಬೇವಿನ ರಸ, ಎಲ್ಲ ಸೇರಿ ತೊಟ್ಟಿಯ ನೀರು ಹೆಸರಿಲ್ಲದ ಬಣ್ಣಕ್ಕೆ ತಿರುಗಿತು.

ಭಾನುವಾರ ಬೆಳಿಗ್ಗೆ ಎರಡು ಮರಿ ತೇಲಿದವು. ಮಧ್ಯಾಹ್ನ ಮೂರನೆಯದು. ಮೂರು ಗಂಟೆಗೆ ತುಂಗಾ ಒಂದು ಮಗ್ಗುಲಿಗೆ ವಾಲಿತು. ಉಚ್ಚಂಗೆಪ್ಪ ಹೊಸ ನೀರು ತುಂಬಿದ ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮೀನನ್ನು ಅಂಗೈಯಲ್ಲಿ ನೆಟ್ಟಗೆ ಹಿಡಿದುಕೊಂಡ. ಕೈ ಬಿಟ್ಟರೆ ವಾಲುತ್ತಿತ್ತು. ಹಿಡಿದರೆ ಕಿವಿರು ಒಂದಿಷ್ಟು ಆಡುತ್ತಿತ್ತು. ದುರುಗಕ್ಕ ಚಹಾ ತಂದಿಟ್ಟಳು. ಅದು ಆರಿ ಕೆನೆಗಟ್ಟಿತು. ಆರೂವರೆಗೆ ಕಿವಿರು ನಿಂತಿತು. ಅವನು ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ.

ಏಳಕ್ಕೆ ಐದು ನಿಮಿಷವಿತ್ತು.

"ಅಣ್ಣಾ, ಇವತ್ತೊಂದಿನ ಸುಳ್ಳು ಹೇಳಿ" ಎಂದ ರೇಣುಕಪ್ರಸಾದ. "ಬೆಳಿಗ್ಗೆ ಮೊದಲನೇ ಬಸ್ಸಿಗೆ ದಾವಣಗೆರೆಗೆ ಹೋಗಿ ಇಂಥವೇ ನಾಲ್ಕು ತರ್ತೀನಿ. ಅತ್ತಿಗೆ ಬರಲಿ. ಬಂದ ಮೇಲೆ ಮುಂದಿಂದು."

"ಹೂಂ ಕಣೋ, ಸಂಸಾರ ಉಳಿಸಾಕೆ ಹೇಳಿದ್ ಸುಳ್ಳು ಸುಳ್ಳಲ್ಲ" ಎಂದಳು ದುರುಗಕ್ಕ. ಆ ಮೂರು ದಿನದಲ್ಲಿ ಅವಳ ದನಿ ಮೊದಲ ಸಲ ತಗ್ಗಿತ್ತು. "ಚೆನ್ನಾಗೈದಾವೆ ಅನ್ನು. ಒಂದು ಮಾತು."

ಫೋನು ಬಂತು. ಉಚ್ಚಂಗೆಪ್ಪನ ಕೈ ಒದ್ದೆಯಾಗಿತ್ತು. ರೇಣುಕಪ್ರಸಾದನೇ ಸ್ಪೀಕರ್ ಹಾಕಿ ಹಿಡಿದ. ಅತ್ತ ಕಡೆ ಪಾತ್ರೆ ಸದ್ದು, ಯಾರೋ ನಗುವುದು ಕೇಳಿಸಿತು.

"ಬಟ್ಟೆ ಕಟ್ಟಿಟ್ಟೀನ್ರೀ" ಎಂದಳು ಉಷಾರಾಣಿ. "ಆರೂವರೆ ಬಸ್ಸು. ಮೀನು ಹೆಂಗೈದಾವೆ?"

ದುರುಗಕ್ಕ ತಲೆಯಾಡಿಸಿ ಆಡಿಸಿ ಹೇಳು, ಹೇಳು ಎನ್ನುತ್ತಿದ್ದಳು. ರೇಣುಕಪ್ರಸಾದ ಫೋನನ್ನು ಅವನ ಬಾಯಿಯ ಹತ್ತಿರ ತಂದ. ಉಚ್ಚಂಗೆಪ್ಪ ಬಕೆಟ್ಟಿನ ಕಡೆ ನೋಡಿದ.

"ಸತ್ತೋದ್ವು, ಎಲ್ಲಾ" ಎಂದ. "ನೋಡಾಕೆ ಒಂದೂ ಉಳಿದಿಲ್ಲ. ಬೆಳಿಗ್ಗೆ ಮೂರನೇ ವಾರ್ಡಿಗೆ ನೀರು ಬಿಡಾಕೆ ಹೋಗ್ಬೇಕು. ಫೋನು ಇಡ್ಲಾ?"