ರೈಸ್ ಮಿಲ್ಲಿನ ಭಾನುವಾರದ ಸಭೆ

ತೌಡಿನ ವಾಸನೆ ಬಡಿದರೆ ನನಗೆ ಮೊದಲು ನೆನಪಾಗುವುದು ನನ್ನ ಕತ್ತೆತನ. ಕೊಳ್ಳೇಗಾಲದ ರೈಸ್ ಮಿಲ್ಲಿನ ಹಿಂದಿನ ಕೋಣೆಯಲ್ಲಿ ಭಾನುವಾರ ಸೇರುತ್ತಿದ್ದ ಸಭೆಗೆ ಬೀಗ ಬಿದ್ದದ್ದು ನನ್ನ ನಾಲಿಗೆಯಿಂದ. ಹೋದ ವಾರ ಹನೂರಿನ ಬಸ್ಸಿನಲ್ಲಿ ಯಾರೋ ತೌಡಿನ ಮೂಟೆಯನ್ನು ನನ್ನ ಕಾಲ ಮೇಲೆಯೇ ಇಳಿಸಿದರು. ಕಾಲು ಎಳೆದುಕೊಳ್ಳಲೂ ತೋಚಲಿಲ್ಲ... ಆ ಸಭೆ ನಡೆಸುತ್ತಿದ್ದ ಮೇಷ್ಟ್ರು ತೀರಿಕೊಂಡರೆಂದು ಕೇಳಿ, ಅವರ ಮನೆಗೇ ಹೊರಟಿದ್ದೆ.

ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಹೇಳಿಕೊಟ್ಟವರು ಅವರು. ಭಾನುವಾರ ಮಾತ್ರ ದೇವರನ್ನೂ ಪಾಠಕ್ಕೆ ಸೇರಿಸಿಕೊಳ್ಳುವರು. ಕಲ್ಲು ಕೂಡ ಸುಮ್ಮನೆ ಬಿದ್ದಿರುವ ವಸ್ತುವಲ್ಲ, ನಡೆಯುತ್ತಿರುವ ಸಂಗತಿ. ಒಳಗೆ ಅಣುಗಳು ಅಲುಗುತ್ತಲೇ ಇವೆ. ಲೋಕದಲ್ಲಿ ಯಾವುದೂ ಆಗಿ ಮುಗಿದಿಲ್ಲ. ದೇವರೂ ಅಷ್ಟೇ, ನಮ್ಮ ಜೊತೆಗೇ ಬೆಳೆಯುತ್ತಿದ್ದಾನೆ, ನಾವು ನೊಂದರೆ ಅವನಿಗೂ ತಟ್ಟುತ್ತದೆ ಎನ್ನುವರು. ಕೇಳಲು ಬರುತ್ತಿದ್ದವರು ಒಂದು ಚಾಪೆಗೆ ಸಾಲುವಷ್ಟು ಜನ: ಆಸ್ಪತ್ರೆಯ ಕಾಂಪೌಂಡರ್, ಜಗಳಕ್ಕೆಂದೇ ಬರುವ ಪುರೋಹಿತರು, ಮತ್ತು ನಾನು. ನಾನು ಹೋಗುತ್ತಿದ್ದದ್ದು ಮೇಷ್ಟ್ರ ದನಿ ಕದಿಯಲು. ಮೂಗಿನಲ್ಲೊಂದು "ಹ್ಞಾ", ಗಾಳಿಯಲ್ಲಿ ಗೀಚುವ ಬೆರಳು, ಮಾತು ಮುಗಿಯುವ ಮೊದಲೇ ಏರುವ ಹುಬ್ಬು... ಅದನ್ನೆಲ್ಲ ಟೀ ಅಂಗಡಿಯಲ್ಲಿ ಇಳಿಸಿದರೆ ಟೀ ಬಿಟ್ಟಿ. ನನ್ನ ಸ್ವಂತ ದನಿ ಹೇಗಿದೆಯೆಂದು ಹೆತ್ತವಳಿಗೂ ಮರೆತಿತ್ತು.

ಒಂದು ಸಂಜೆ ಅತಿ ಮಾಡಿದೆ. "ಹ್ಞಾ... ದೇವರಿನ್ನೂ ಅರೆಬೆಂದಿದ್ದಾನೆ ಕಣ್ರಯ್ಯಾ! ಮುಚ್ಚಳ ತೆಗೀಬೇಡಿ!" ಅರೆಬೆಂದದ್ದು, ಮುಚ್ಚಳ, ಎಲ್ಲ ನನ್ನ ಒಗ್ಗರಣೆ. ಅಂಗಡಿಯೇ ನಕ್ಕಿತು, ಮೂಲೆಯ ಬೆಂಚಿನಲ್ಲಿದ್ದ ಮಿಲ್ಲಿನ ಯಜಮಾನರನ್ನು ಬಿಟ್ಟು. ಮಾಂಬಳ್ಳಿ ಕಡೆಯವರು, ಲಿಂಗಪೂಜೆಯಾಗದೆ ನೀರು ಮುಟ್ಟದವರು. ಮೇಷ್ಟ್ರಿಗೆ ಕೋಣೆ ಕೊಟ್ಟಿದ್ದವರು ಅವರೇ.

ಮರು ಭಾನುವಾರ ನಾವು ಚಾಪೆ ಹಾಸಿ ಕೂತಿದ್ದಾಗ ಯಜಮಾನರು ಬಾಗಿಲಿಗೆ ಅಡ್ಡ ನಿಂತರು.

"ಏನ್ ಮೇಷ್ಟ್ರೇ, ನಾ ದಿನಾ ಅಂಗೈಲಿಟ್ಕಂಡು ಪೂಜೆ ಮಾಡೋನು ಅರೆಬೆಂದವ್ನಾ? ಅವ್ನು ಪೂರ್ಣ ಅಂತ ಅನ್ನಿ, ಕೋಣೆ ನಿಮ್ದು. ಅನ್ನಾಕಿಲ್ವಾ, ಬೀಗ."

ಊರಲ್ಲಿ ಬೇರೆ ಯಾರೂ ಮೇಷ್ಟ್ರಿಗೆ ಜಾಗ ಕೊಡುತ್ತಿರಲಿಲ್ಲ. ವಾರವಿಡೀ ಆ ಒಂದು ಹೊತ್ತಿಗಾಗಿಯೇ ಕಾಯುತ್ತಿದ್ದ ಮನುಷ್ಯ. ಹಾಗೆಂದದ್ದು ಇವನು ಎಂದು ನನ್ನತ್ತ ಬೆರಳು ತೋರಿಸಬಹುದಿತ್ತು. ನಾನು ಚಾಪೆಯ ಅಂಚು ಕೀಳುತ್ತಾ ಕೂತಿದ್ದೆ. ಮೇಷ್ಟ್ರು ತೋರಿಸಲಿಲ್ಲ.

"ಅರೆಬೆಂದವನು ಅಂತ ನಾನು ಅಂದಿಲ್ಲ. ಆಗಿ ಮುಗಿದವನು ಅಂತಲೂ ಅನ್ನಲಾರೆ, ಯಜಮಾನ್ರೇ."

ಪುರೋಹಿತರು ಶಿವ ಶಿವಾ ಎಂದು ಎದ್ದರು. ಕಾಂಪೌಂಡರ್ ಚಪ್ಪಲಿ ಹುಡುಕಿದ. ಮಿಲ್ಲಿನ ಆಳು ಚಾಪೆಯನ್ನು ಬೀದಿಗೆ ಎಸೆದ. ಅವತ್ತು ಸಂಜೆ ಟೀ ಅಂಗಡಿಯಲ್ಲಿ, "ಇನ್ನೊಂದ್ಸಲ ಮಾಡೋ" ಎಂದರು ಕೂತವರು, ನಾಚಿಕೆಯಿಲ್ಲದೆ ಮಾಡಿದೆ. ಆಮೇಲೆ ಮೇಷ್ಟ್ರು ಹನೂರಿಗೆ ವರ್ಗ ಮಾಡಿಸಿಕೊಂಡರೆಂದು ಕೇಳಿದೆ. ದೂರವೇನಲ್ಲ. ಹೋಗಬಹುದಿತ್ತು...

ಹೋದ ವಾರ ಹೋದಾಗ ಅವರ ಹೆಂಡತಿ ಜಗಲಿಯ ಮೇಲೆ ರಾಗಿ ಕೇರುತ್ತಿದ್ದರು. ನನಗೆ ಬರುವ ಒಂದೇ ವಿದ್ಯೆಯನ್ನು ಬಿಚ್ಚಿದೆ: ಹ್ಞಾ, ಬೆರಳು, ಹುಬ್ಬು. ಆಕೆಯ ಕಣ್ಣು ತುಂಬೀತು ಎಂದುಕೊಂಡಿದ್ದೆ. ಆಕೆ ಮೊರ ಕೆಳಗಿಟ್ಟರು.

"ನಿಲ್ಸಪ್ಪಾ. ನೀ ಮಾಡಿದ್ದು ಮಿಲ್ಲಿನ್ ಕೋಣೇಲಿದ್ದ ಮೇಷ್ಟ್ರುನ್ನ. ಇಲ್ಲಿಗ್ ಬಂದ್ಮೇಲೆ ಇದೇ ಜಗಲೀಲಿ ನನ್ನೊಬ್ಳುನ್ನೇ ಕೂರುಸ್ಕಂಡು ಸಭೆ ಮಾಡೋರು. ನಾ ಜಗ್ಳ ಆಡ್ದಂಗೆಲ್ಲಾ ಅವ್ರು ಬ್ಯಾರೆ ಆಯ್ತಾ ಹೋದ್ರು. ಆ ಮೇಷ್ಟ್ರುನ್ನ ಮಾಡು, ನೋಡಾನ."