ಗೋಡೆಗೆ ಕಿವಿ ಹಚ್ಚುತ್ತಿದ್ದ ಮೇಸ್ತ್ರಿ

ಮೇಸ್ತ್ರಿಯವರ ಬಲಗಿವಿಗೆ ಯಾವಾಗಲೂ ಸಿಮೆಂಟ್ ಮೆತ್ತಿರುತ್ತಿತ್ತು. ಹೊಸ ಕಾಂಕ್ರೀಟ್ ಗೋಡೆಯನ್ನು ಸುತ್ತಿಗೆಯಿಂದ ಬಡಿದು, ಕಿವಿ ಹಚ್ಚಿ ಕೇಳದೆ ಅವರು ಯಾರನ್ನೂ ಅದರ ಕೆಳಗೆ ಬಿಡುತ್ತಿರಲಿಲ್ಲ.

ಮಕ್ಕಳೇ, ಮದುವೆಯಾದ ಹೊಸದರಲ್ಲಿ ನಿಮ್ಮ ತಾತ ಮತ್ತು ನಾನು ದೇವದುರ್ಗದಿಂದ ಗಣಿ ಕೆಲಸಕ್ಕೆ ಹೋಗಿದ್ದೆವು. ಬಾವಿಯ ಹಾಗೆ ನೆಟ್ಟಗೆ ಇಳಿಯುವ ಶಾಫ್ಟ್ ತೋಡಿ, ಬಂಡೆ ಕುಸಿಯದಂತೆ ಸುತ್ತಲೂ ಕಾಂಕ್ರೀಟ್ ಗೋಡೆ ಕಟ್ಟುವ ಕೆಲಸ. ಗಂಡಸರು ಕೆಳಗೆ. ನಾನು ಮೇಲೆ ಮಿಕ್ಸರಿಗೆ ಮರಳು, ಖಡಿಕಲ್ಲು ಹೊರುತ್ತಿದ್ದೆ. ಮೇಸ್ತ್ರಿ ಮಾನ್ವಿ ಕಡೆಯವರು. ನನ್ನ ಬುತ್ತಿ ಇಣುಕಿ, "ಇವತ್ತೂ ಪುಂಡಿಪಲ್ಯಾನ ಏನವ್ವಾ? ಮ್ಯಾಲ ಬರಂಗಿಲ್ಲ ಅಂತ ಕೆಳಗ ಕುಂತಾನ ನಿನ್ನ ಗಂಡ" ಎಂದು ಕಾಡುತ್ತಿದ್ದರು.

ಬಂಡೆಯಿಂದ ಜಿನುಗುವ ನೀರು ಹೊರಬರಲೆಂದು ಅವರು ಗೋಡೆಯಲ್ಲಿ ಅಲ್ಲಲ್ಲಿ ಕೊಳವೆ ಇಡಿಸಿದ್ದರು. ಆ ನೀರು ಕೆಲಸಗಾರರ ಬೆನ್ನ ಮೇಲೆ ಸುರಿಯುತ್ತಿತ್ತು. ತಾತ ಆಗಷ್ಟೇ ಜ್ವರದಿಂದ ಎದ್ದಿದ್ದರು. ನಾನೇ ಗೋಣಿಚೀಲದ ತುಂಡು ಹರಿದುಕೊಟ್ಟು, "ಕೊಳವಿಗೆ ತುರುಕ್ರಿ, ತಣ್ಣೀರಾಗ ನಿಂತ್ರ ಮತ್ತ ಜ್ವರ ಬರ್ತದ" ಎಂದೆ. ಅವರು ಹಾಗೆಯೇ ಮಾಡಿದರು.

ಆಳುಗಳು ಏರಿಳಿಯುತ್ತಿದ್ದ ಕಬ್ಬಿಣದ ತೊಟ್ಟಿಯಲ್ಲೇ ದಿನವೂ ಬೆಳಿಗ್ಗೆ ತಳದಿಂದ ಹತ್ತು ತೊಟ್ಟಿ ನೀರು ಮೇಲೆ ಬರುತ್ತಿತ್ತು. ಮರುದಿನ ಆರು ತೊಟ್ಟಿಗೇ ಮುಗಿಯಿತು. ಎಲ್ಲರೂ ಹಿಗ್ಗಿದರು. ಮೇಸ್ತ್ರಿಯ ಮುಖ ಮಾತ್ರ ಕಪ್ಪಿಟ್ಟಿತು.

"ನೀರು ಕಮ್ಮಿ ಆತಂತ ನಗಬ್ಯಾಡ್ರಲೇ. ಎಲ್ಲಿ ನಿಂತದ ಅಂತ ಕೇಳ್ರಿ."

ಗೋಡೆಯ ಹಿಂದೆ ನಿಂತ ನೀರು ಹಸಿ ಕಾಂಕ್ರೀಟನ್ನು ಒಳಕ್ಕೆ ತಳ್ಳುತ್ತದೆಂದು ನನಗೆ ತಿಳಿದದ್ದೇ ಆಗ. ಎಲ್ಲರೂ ಮೇಲೆ ಬರಲೆಂದು ಮೇಸ್ತ್ರಿ ಗಂಟೆ ಬಾರಿಸಿದರು. ಮೂವರು ಮೇಲೆ ಬಂದರು. ತೊಟ್ಟಿಯಲ್ಲಿ ಮೂವರಿಗೇ ಜಾಗ. ತಾತ ಕೆಳಗೇ ಉಳಿದಿದ್ದರು.

"ಯಣ್ಣಾ, ನಮ್ಮವರು ಕೊಳವಿಗೆ ಚೀಲ ತುರುಕ್ಯಾರ" ಎಂದೆ. ಕೊಟ್ಟವಳು ನಾನೆಂದು ಹೇಳಲು ಬಾಯಿ ಬರಲಿಲ್ಲ.

"ಯಾವ ಕೊಳವಿ?"

"ಅವರು ನಿಂತಲ್ಲಿ, ತಲಿ ಮ್ಯಾಲಿಂದು."

ಕೊಳವೆ ಬಿಡಿಸಲು ಹಾರೆ ಹಿಡಿದು ಮೇಸ್ತ್ರಿಯೇ ತೊಟ್ಟಿ ಹತ್ತಿದರು. ಉಕ್ಕಿನ ಹಗ್ಗ ಇಳಿಯುತ್ತಾ ಹೋಯಿತು, ನಿಂತಿತು. ಕೆಳಗಿನಿಂದ ಒಂದು ಏಟು ಕೇಳಿಸಿತು. ಇನ್ನೊಂದು. ಆಮೇಲೆ ನೀರು ನುಗ್ಗಿದ ಸದ್ದು. ನಾನು ಖಾಲಿ ಬುಟ್ಟಿ ಎದೆಗವಚಿಕೊಂಡು, ಮೇಲೆತ್ತಿರೆಂದು ಕೆಳಗಿನಿಂದ ಬರುವ ಗಂಟೆಗಾಗಿ ಕಾದೆ. ಗಂಟೆ ಬಾರಿಸಿದಾಗ ಬುಟ್ಟಿ ಬಿಸಾಕಿ ಹಗ್ಗದ ಬಳಿಗೆ ಓಡಿದೆ.

ಇಬ್ಬರೂ ತೊಯ್ದು ಬಂದರು. ಮೇಸ್ತ್ರಿಯ ಹಣೆಯಿಂದ ರಕ್ತ ಸೋರುತ್ತಿತ್ತು.

"ಗ್ವಾಡಿ ಉಬ್ಬಿತ್ತು," ಎಂದರು ನನಗೆ. "ನೀ ಹೇಳಿದ್ದಕ್ಕ ಉಳಿದಾನವ್ವಾ."

ಎಲ್ಲರೂ ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿದ್ದನ್ನು ನಾಚಿಕೆ ಎಂದುಕೊಂಡರು. ತಾತನೂ ಬಾಯಿ ಬಿಡಲಿಲ್ಲ.

ಹೋದ ವರ್ಷ ಮೇಸ್ತ್ರಿ ರಾಯಚೂರಿನ ಆಸ್ಪತ್ರೆಯಲ್ಲಿದ್ದಾರೆಂದು ಕೇಳಿ, ಹೇಳಿಬಿಡಬೇಕೆಂದೇ ಹೋದೆ. ಅವರು ಪಕ್ಕದ ಮಂಚದವರಿಗೆ ನನ್ನನ್ನು ತೋರಿಸಿ, "ಗಂಡನ್ನ ಉಳಿಸ್ಕೊಂಡಾಕಿ ಈಕಿ" ಎಂದರು. ತಂದ ಹಣ್ಣು ಮಂಚದ ಬದಿಗಿಟ್ಟು, ಹೇಳದೆಯೇ ವಾಪಸು ಬಂದೆ. ನಾಲ್ಕು ದಿನಕ್ಕೆ ಅವರು ತೀರಿಕೊಂಡರು.

ನಿಮ್ಮ ಅವ್ವ ಹುಟ್ಟಿದ್ದು ಆ ಗೋಡೆ ಉಬ್ಬಿದ ಮರುವರ್ಷ. ತಾತನನ್ನು ಉಳಿಸಿದವರು ಅವರು, ನಾನಲ್ಲ.