ಹಿಲ್ಮಿಯ ಕೆಂಪು ಉಗುರು

ಮಹಲ್ಲಾ ಊರಿನ ಪೂರ್ವದಂಚಿನ ಸಣ್ಣ ಸರ್ಕಾರಿ ಗಿರಣಿಯಲ್ಲಿ ಹನ್ನೆರಡು ವರ್ಷಗಳಿಂದ ಒಂದೇ ಬಣ್ಣ: ಶಾಲೆಯ ಸಮವಸ್ತ್ರದ ಕಡುನೀಲಿ. ಅಲ್ಲಿನ ಬಣ್ಣದ ಮೇಸ್ತ್ರಿ ಹಿಲ್ಮಿಯ ಉಗುರುಗಳೂ ಅಷ್ಟೇ ವರ್ಷಗಳಿಂದ ನೀಲಿ. ಕೈಗವಸು ಕೊಟ್ಟರೆ ಜೇಬಿಗೆ ಇಳಿಸುತ್ತಾನೆ. ತೊಟ್ಟಿಯಿಂದ ಬಟ್ಟೆಯ ತುದಿ ಎಳೆದು, ಬರಿಬೆರಳಲ್ಲಿ ಉಜ್ಜಿ ನೋಡಿದರೇನೇ ಬಣ್ಣ ಹಿಡಿದಿದೆಯೋ ಇಲ್ಲವೋ ಅವನಿಗೆ ತಿಳಿಯುವುದು.

ಒಂದು ಭಾನುವಾರ, ವಾರದ ಮೊದಲ ಪಾಳಿಗೆ, ಅವನು ಕೆಂಪು ಉಗುರುಗಳೊಂದಿಗೆ ಬಂದ.

ಕಾರಣ ಬಣ್ಣ ಹಾಕುವ ವಿಭಾಗದವರಿಗೆಲ್ಲ ಗೊತ್ತಿತ್ತು. ಮಧ್ಯಾಹ್ನ ಗಿರಣಿ ಬಿಟ್ಟ ಮೇಲೆ ಹಿಲ್ಮಿ ಗಮೀಲ್ ಎಂಬವನ ಟವೆಲ್ ಕಾರ್ಖಾನೆಗೆ ಸಲಹೆಗಾರನಾಗಿ ಹೋಗುತ್ತಿದ್ದ; ಅಲ್ಲಿಯ ಬಣ್ಣ ಕೆಂಪು. ಅನುಮತಿಯಿಲ್ಲದೆ ಹೊರಗೆ ದುಡಿದರೆ ಕೆಲಸವೂ ಹೋಗುತ್ತದೆ, ಪಿಂಚಣಿಯೂ ಹೋಗುತ್ತದೆ. ನಿವೃತ್ತಿಗೆ ಉಳಿದದ್ದು ಮೂರೇ ವರ್ಷ. ಶನಿವಾರ ನಿಂಬೆಹಣ್ಣು, ಬ್ಲೀಚ್ ಎಲ್ಲ ಹಾಕಿ ತಿಕ್ಕಿದ್ದ. ನೀಲಿ ಹೋಯಿತು, ಕೆಂಪು ಉಳಿಯಿತು.

“ಏನು ಉಸ್ತಾ, ಉಗುರು ಹೀಗಾಗಿದೆ?” ಎಂದು ನಿರ್ದೇಶಕಿ ಇನ್ಸಾಫ್ ಮೇಡಂ ಕೇಳಿದರು. ಕೈಕಸುಬಿನವರನ್ನು ಅಲ್ಲಿ ‘ಉಸ್ತಾ’ ಎಂದೇ ಕರೆಯುವುದು.

“ಉಪ್ಪಿನಕಾಯಿ ಮೇಡಂ. ಮನೇಲಿ ಟರ್ನಿಪ್ ಉಪ್ಪಿನಕಾಯಿ ಹಾಕಿದ್ರು. ಬಣ್ಣ ಬರ್ಲಿ ಅಂತ ಬೀಟ್‌ರೂಟ್ ಹೆಚ್ಚಿಕೊಟ್ಟೆ.”

“ನೀವು ಹೆಚ್ಚಿದ್ರಾ?”

“ಏನ್ ಮಾಡೋದು, ಮನೇಲಿ ಹೇಳಿದ್ದು ಕೇಳ್ಬೇಕಲ್ಲ.”

“ಒಳ್ಳೇದಾಯ್ತು. ನಾಳೆ ನಂಗೂ ಒಂದು ಬಾಟ್ಲಿ ತನ್ನಿ.”

ಸುತ್ತ ನಿಂತಿದ್ದವರಿಗೆಲ್ಲ ಆಗಲೇ ಬಾಯ್ಲರಿನ ಮುಳ್ಳು ನೋಡುವ ಕೆಲಸ ನೆನಪಾಯಿತು.

ಮನೆಯಲ್ಲಿ ಹೆಂಡತಿ ರಾವಿಯಾ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು. ಮಗ ಶಾದಿಯ ಅಪ್ಪ ಎಂದೇ ಅವಳು ಗಂಡನನ್ನು ಕರೆಯುವುದು. “ಮದ್ವೆಯಾಗಿ ಮೂವತ್ತು ವರ್ಷ ಆಯ್ತು ಅಬು ಶಾದಿ, ಒಂದ್ ಈರುಳ್ಳಿ ಹೆಚ್ಚಿಲ್ಲ ನೀವು. ಈಗ ನನ್ನ ಅಡುಗೆಮನೆ ಹೆಸರಲ್ಲಿ ಸುಳ್ಳು ಬೇರೆ.”

“ಇವತ್ತು ಹಾಕಿದ್ರೆ ನಾಳೆಗೆ ಆಗಲ್ವಾ?”

“ಆಗುತ್ತೆ, ಟರ್ನಿಪ್ಪೂ ನಿಮ್ಮ ಹಾಗೇ ಒಂದೇ ದಿನಕ್ಕೆ ಬಣ್ಣ ಬದಲಾಯಿಸೋದಾದ್ರೆ.”

ಕೊನೆಗೆ ಹಿಲ್ಮಿ ಅಂಗಡಿಯಿಂದ ಕೊಂಡು ತಂದು ಮನೆಯ ಜಾಡಿಗೆ ಸುರಿದ.

ಮರುದಿನ ಇನ್ಸಾಫ್ ಮೇಡಂ ತಮ್ಮ ಕೋಣೆಯಲ್ಲಿ ಜಾಡಿಯ ಮುಚ್ಚಳ ತೆಗೆದರು. ಒಂದು ಹೋಳು ತಿಂದರು. ಆಮೇಲೆ ತೋರುಬೆರಳನ್ನು ಆ ಕೆಂಪು ನೀರಿನಲ್ಲಿ ಅದ್ದಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ನಲ್ಲಿಯ ಕೆಳಗೆ ಸೋಪು ಹಾಕಿ ತೊಳೆದರು. ಬೆರಳನ್ನು ಹಿಲ್ಮಿಯ ಮುಂದೆ ಹಿಡಿದರು. ಕಲೆಯೇ ಇರಲಿಲ್ಲ.

“ನಂದು ಸೋಪಿಗೆ ಹೋಯ್ತು. ನಿಮ್ದ್ಯಾಕೆ ಹೋಗಿಲ್ಲ?”

ಹಿಲ್ಮಿ ಎರಡೂ ಕೈಗಳನ್ನು ಜೇಬಿಗೆ ಇಳಿಸಿದ.

ಮೇಡಂ ಡ್ರಾಯರಿನಿಂದ ಒಂದು ಕೆಂಪು ಟವೆಲ್ ತೆಗೆದು ಮೇಜಿನ ಮೇಲೆ ಹರಡಿದರು. ಮಗಳ ಮದುವೆಗೆ ಗಮೀಲನ ಕಾರ್ಖಾನೆಯಿಂದ ಕೊಂಡ ಎರಡು ಡಜನ್‌ನಲ್ಲಿ ಅದೂ ಒಂದು. “ಬಿಳಿ ಬಟ್ಟೆ ಜೊತೆ ಮೂರು ಸಲ ಒಗೆದಿದೀನಿ. ಒಂದು ಹನಿ ಬಣ್ಣ ಬಿಟ್ಟಿಲ್ಲ. ಗಮೀಲನ ಮಾಲು ಮೊದಲು ಹೀಗಿರ್ಲಿಲ್ಲ. ಏನ್ ಹೇಳಿಕೊಟ್ರಿ ಅವನಿಗೆ?”

ಇನ್ನು ಬಚ್ಚಿಟ್ಟು ಉಪಯೋಗವಿರಲಿಲ್ಲ. “ಬಣ್ಣ ಹಿಡೀಲಿ ಅಂತ ತೊಟ್ಟಿಗೆ ಉಪ್ಪು ಒಂದೇ ಸಲಕ್ಕೆ ಸುರೀತಿದ್ದ. ಮೂರು ಪಾಲು ಮಾಡಿ, ನಿಧಾನಕ್ಕೆ ಹಾಕು ಅಂದೆ.”

“ಅಷ್ಟೇನಾ?”

“ಅಷ್ಟೇ ಮೇಡಂ. ಇಲ್ಲಿ ಯಾರೂ ಕೇಳ್ಲಿಲ್ಲ. ದಿನಾ ಅದೇ ನೀಲಿ, ಕೇಳೋಕೇನಿದೆ?”

ಮೇಡಂ ಟವೆಲನ್ನು ಮಡಿಸಿದರು. ಮತ್ತೆ ಅದೇ ಡ್ರಾಯರಿಗೆ ಕೈ ಹಾಕಿ ಒಂದು ಅರ್ಜಿ ತೆಗೆದರು. ಹೊರಗಿನ ಕೆಲಸಕ್ಕೆ ಅನುಮತಿ ಕೋರುವ ನಮೂನೆ. ಅದು ಮೊದಲಿಂದಲೂ ಇತ್ತು. ಕೇಳಿದರೆ ಸಿಕ್ಕಿಬೀಳುತ್ತೇವೆಂದು ಗಿರಣಿಯಲ್ಲಿ ಯಾರೂ ಕೇಳಿರಲಿಲ್ಲ.

“ತುಂಬಿ ಕೊಡಿ, ಸಹಿ ಹಾಕ್ತೀನಿ. ಆದ್ರೆ ಈ ಚಳಿಗಾಲ ನಮ್ಮಲ್ಲೂ ಒಂದು ತೊಟ್ಟಿ ಕೆಂಪು ಆಗ್ಬೇಕು.”

‘ಕೆಲಸದ ಸ್ವರೂಪ’ ಎಂಬಲ್ಲಿ ಹಿಲ್ಮಿ ಬಹಳ ಹೊತ್ತು ಯೋಚಿಸಿ ‘ಸಲಹೆ’ ಎಂದು ಬರೆದ. ಮೇಡಂ ಅದಕ್ಕೆ ‘ಉಪ್ಪಿನ ಬಗ್ಗೆ’ ಎಂದು ಸೇರಿಸಿ ಸಹಿ ಹಾಕಿದರು.

ಅವನು ಬಾಗಿಲ ತನಕ ಹೋಗಿದ್ದ.

“ಉಸ್ತಾ, ಉಪ್ಪಿನಕಾಯಿ ಚೆನ್ನಾಗಿದೆ. ಯಾವ ಅಂಗಡೀದು?”

“ಸ್ಟೇಷನ್ ಎದುರಿಂದು ಮೇಡಂ,” ಎಂದ ಹಿಲ್ಮಿ.